ಒಂದು ಹೆಜ್ಜೆ ಹಿಂದೆ ನಿಂತ ಅಕ್ಕ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಕ್ಯಾಮೆರಾದೊಳಗೆ ಇಬ್ಬರು ಅಕ್ಕಂದಿರು ಇರುತ್ತಿದ್ದರು. ಮನೆಯಲ್ಲಿ ಇದ್ದವಳು ಒಬ್ಬಳೇ. ಆದರೆ ಅಪ್ಪನ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಪುಟ್ಟ ಕಿಟಕಿಗೆ ಕಣ್ಣಿಟ್ಟರೆ, ನಡುವಿನ ಹಳದಿ ಚೌಕದಲ್ಲಿ ಅಕ್ಕ ಎರಡೆರಡಾಗಿ ಕಾಣುತ್ತಿದ್ದಳು. ಲೆನ್ಸಿನ ಸುತ್ತಲಿನ ಬಳೆಯನ್ನು ಮೆಲ್ಲಗೆ ತಿರುಗಿಸಿದರೆ ಒಬ್ಬಳು ಇನ್ನೊಬ್ಬಳ ಕಡೆಗೆ ಜಾರಿ ಬರುತ್ತಿದ್ದಳು. ಇಬ್ಬರೂ ಕೂಡಿ ಒಬ್ಬಳಾದರೆ ಫೋಕಸ್ ಸರಿಯಾಯಿತು ಎಂದು ಲೆಕ್ಕ. ಆಮೇಲೆ ಬಟನ್ ಒತ್ತಬೇಕು.

ನಮ್ಮದು ಸವಣೂರು. ಅಪ್ಪನದು ವೀಳ್ಯದೆಲೆಯ ವ್ಯಾಪಾರ. ಎಲೆ ಮಾರಲು ಹುಬ್ಬಳ್ಳಿಗೆ ಹೋದಾಗ ಆ ಕ್ಯಾಮೆರಾವನ್ನು ಸೆಕೆಂಡ್‌ಹ್ಯಾಂಡ್ ಕೊಂಡು ತಂದಿದ್ದ. ಅವ್ವ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದಳು. ನನಗೆ ಉಣ್ಣಿಸಿದವಳು, ಹೆರಳು ಹಾಕಿದವಳು, ಜ್ವರ ಬಂದರೆ ಹಣೆಯ ಮೇಲೆ ಕೈಯಿಟ್ಟವಳು ಅಕ್ಕ. ಹಾಗಿರುವಾಗ ನನ್ನನ್ನು ಓದಲೆಂದು ಧಾರವಾಡದ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು.

ಅಲ್ಲಿ ಹುಡುಗಿಯರೆಲ್ಲ ತಮ್ಮ ಟ್ರಂಕಿನ ಮುಚ್ಚಳದ ಒಳಮೈಗೆ ಮನೆಯವರ ಫೋಟೊ ಅಂಟಿಸಿಕೊಂಡಿರುತ್ತಿದ್ದರು. ಅಪ್ಪ ಕಳಿಸಿದ ಫೋಟೊಗಳು ನನ್ನ ಹತ್ತಿರವೂ ಇದ್ದವು. ಆದರೆ ಅಕ್ಕನ ಮುಖ ಒಂದರಲ್ಲೂ ಇರಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಹೊಗೆ. ಅವಳ ಹಿಂದಿನ ಬಾಗಿಲು ಮಾತ್ರ ಅದರ ಮೊಳೆಗಳ ಸಮೇತ ಎಷ್ಟು ಶಾರ್ಪ್! ಪಕ್ಕದ ಮಂಚದ ಹುಡುಗಿ ಒಮ್ಮೆ ಇಣುಕಿ, "ಹೂ ಈಸ್ ದಿಸ್ ಘೋಸ್ಟ್?" ಎಂದು ನಕ್ಕಳು. ನಾನೂ ನಕ್ಕೆ. ಸಂಜೆ ಪ್ರೇಯರ್‌ನಲ್ಲಿ ಕಣ್ಣು ಮುಚ್ಚಿ ಅಕ್ಕನ ಮುಖ ನೆನೆಯಲು ಹೋದರೆ, ಅವಳ ಗದ್ದದ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ಹೊಳೆಯಲೇ ಇಲ್ಲ. ಮಕ್ಕಳೇ, ಅಷ್ಟು ಹೆದರಿಕೆ ನನಗೆ ಕತ್ತಲೆಯಲ್ಲೂ ಆಗಿರಲಿಲ್ಲ.

ರಜೆಗೆ ಊರಿಗೆ ಬಂದೆ. ರಜೆ ಮುಗಿದು, ಮರುದಿನ ಬೆಳಿಗ್ಗೆ ಬಸ್ಸು ಹತ್ತಬೇಕಾಗಿತ್ತು. ಅಕ್ಕನ ಮುಖ ಕಾಣುವ ಒಂದೇ ಒಂದು ಫೋಟೊ ಬೇಕು ಎಂದು ನಾನು ಹಟ ಹಿಡಿದೆ.

ಅಪ್ಪ ಮೊದಲು ಅಕ್ಕನ ಮೇಲೆಯೇ ತಪ್ಪು ಹೊರಿಸಿದ. "ನೀ ಅಲಗ್ಯಾಡ್ತಿ. ಒಂದ್ ಕ್ಷಣ ಸುಮ್ಮನ ನಿಂದರಾಕ ಬರೂದಿಲ್ಲ ನಿನಗ."

"ಬಾಗಲಾ ನೋಡು, ಎಷ್ಟ್ ಚಂದ ಬಂದೈತಿ," ಅಕ್ಕ ಹಳೆಯ ಫೋಟೊ ಎತ್ತಿ ತೋರಿಸಿದಳು. "ಬಾಗಲಕ್ಕ ವರಾ ಹುಡಕಾಕತ್ತೀ ಏನಪಾ?"

ಅಪ್ಪ ಮೆತ್ತನೆಯ ಧೋತರದ ಚೂರಿನಿಂದ ಲೆನ್ಸ್ ಒರೆಸಿದ. ಆಮೇಲೆ ತನ್ನ ಚಸ್ಮಾ ಒರೆಸಿದ. "ನನ್ನ ಕಣ್ಣ ಹ್ವಾದುವೋ ಏನೋ," ಎಂದು ಮೆಲ್ಲಗೆ ಅಂದ. ನಾನು ಕ್ಯಾಮೆರಾದ ಕಿಟಕಿಯಲ್ಲಿ ನೋಡಿದೆ. ನನಗೂ ಇಬ್ಬರು ಅಕ್ಕಂದಿರು ಸರಿಯಾಗಿಯೇ ಒಂದಾದರು. ಅಂದರೆ ಕಣ್ಣಿನ ತಪ್ಪಲ್ಲ. ಆ ಕ್ಯಾಮೆರಾದಲ್ಲಿ ನಾವು ನೋಡುವ ಕಿಟಕಿ ಬೇರೆ, ಚಿತ್ರ ಮೂಡಿಸುವ ಲೆನ್ಸ್ ಬೇರೆ. ಎರಡೂ ಜೋಡಿಯಾಗಿ ನಡೆಯಬೇಕು. ಎಲ್ಲೋ ಜೋಡಿ ತಪ್ಪಿತ್ತು.

ಲೆನ್ಸಿಗೆ ಏನು ಕಾಣುತ್ತದೆ ಎಂದು ತಿಳಿಯಲು, ಫಿಲ್ಮ್ ಕೂರುವ ಜಾಗದಲ್ಲಿ ಮಬ್ಬು ಗಾಜು ಇಟ್ಟು ನೋಡಬೇಕು ಎಂದ ಅಪ್ಪ. ಅಂಥ ಗಾಜನ್ನು ಎಲ್ಲಿಂದ ತರುವುದು? ಅಷ್ಟರಲ್ಲಿ ಅಕ್ಕ ಒಳಗೆ ಹೋಗಿ ನನಗಾಗಿ ಮಿರ್ಚಿ ಭಜಿ ಕರಿಯುತ್ತಿದ್ದಳು. ಎಣ್ಣೆ ಹೀರಿದ ಕಾಗದವೊಂದನ್ನು ಹಿಡಿದುಕೊಂಡು ಹೊರಗೆ ಬಂದಳು.

"ಇದರಾಗಿಂದ ಬೆಳಕ ಬರ್ತೈತಿ ನೋಡು. ನಡೀತೈತೇನು?"

"ಕ್ಯಾಮೆರಾಕ್ಕ ಭಜಿ ತಿನಸ್ತೀ ಏನ್ ಹುಚ್ಚಿ?" ಎಂದು ಅಪ್ಪ ನಕ್ಕ. ಆದರೆ ಆ ಕಾಗದವನ್ನೇ ಒತ್ತಿ ಒತ್ತಿ ಒರೆಸಿ, ಸಣ್ಣಗೆ ಕತ್ತರಿಸಿ, ಖಾಲಿ ಕ್ಯಾಮೆರಾದ ಬೆನ್ನು ತೆರೆದು ಕೂರಿಸಿದ. ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಲೆನ್ಸಿನ ಕಣ್ಣು ತೆರೆದೇ ಇರುವಂತೆ ಮಾಡಿದ. ಅಕ್ಕನನ್ನು ಅಂಗಳದಲ್ಲಿ ನಿಲ್ಲಿಸಿ, ಎಂದಿನಂತೆ ಕಿಟಕಿಯಲ್ಲಿ ಇಬ್ಬರನ್ನೂ ಒಂದು ಮಾಡಿದ. ಬೆಳಕು ಬೀಳದಿರಲೆಂದು ಅಪ್ಪ, ನಾನು ಇಬ್ಬರೂ ಒಂದು ಕಂಬಳಿ ಹೊದ್ದೆವು. ಒಳಗೆ ಉಣ್ಣೆಯ ಕಮಟು, ಅಪ್ಪನ ಅಂಗಿಯ ಎಲೆಯ ವಾಸನೆ, ಭಜಿಯ ಘಮ.

ಆ ಪುಟ್ಟ ಕಾಗದದ ಮೇಲೆ ನಮ್ಮ ಅಂಗಳ ತಲೆಕೆಳಗಾಗಿ ತೂಗುತ್ತಿತ್ತು, ಅದೂ ಬಣ್ಣದಲ್ಲಿ! ಕಪ್ಪುಬಿಳುಪು ಫೋಟೊಗಳನ್ನಷ್ಟೇ ಕಂಡಿದ್ದ ನಾನು ಉಸಿರಾಡುವುದನ್ನೇ ಮರೆತೆ. ಅಕ್ಕನ ಹಸಿರು ಇಳಕಲ್ ಸೀರೆ ಮೇಲೆ, ತಲೆ ಕೆಳಗೆ. ಆದರೆ ಮುಖದ ಮೇಲೆ ಅದೇ ಹೊಗೆ, ಹಿಂದಿನ ಬಾಗಿಲು ಮಾತ್ರ ಶಾರ್ಪ್.

"ಅಕ್ಕಾ, ಹಿಂದಕ್ಕ ಸರಿ!" ಎಂದು ಕಂಬಳಿಯೊಳಗಿಂದಲೇ ಕೂಗಿದೆ. "ಇನ್ನೊಂದೀಟ!"

"ಹಿಂಗ ಸರಕೊಂತ ಹ್ವಾದ್ರ ಶಿಗ್ಗಾಂವಿ ಮುಟ್ಟತೇನಿ ನೋಡು," ಎಂದಳು ಅಕ್ಕ. ಆದರೂ ಸರಿದಳು. ಒಂದು ಹೆಜ್ಜೆ ಹಿಂದೆ ಹೋದದ್ದೇ ತಡ, ಹೊಗೆ ಕರಗಿ ಅವಳ ಮೂಗುತಿ ಮಿಂಚಿತು.

ಒಳಗಿನ ಸ್ಕ್ರೂ ಬಿಚ್ಚಿ ರಿಪೇರಿ ಮಾಡಿಸಲು ಹುಬ್ಬಳ್ಳಿಗೇ ಹೋಗಬೇಕು. ಅದಕ್ಕೆ ಸಮಯವಿರಲಿಲ್ಲ. ಅಪ್ಪ ಕಾಗದ ತೆಗೆದು, ಒಳಗೆಲ್ಲ ಒರೆಸಿ, ಹೊಸ ರೋಲ್ ಹಾಕಿದ. ಬಿಸಿಲು ಗೋಡೆ ಹತ್ತತೊಡಗಿತ್ತು. ಮೊದಲು ಕಿಟಕಿಯಲ್ಲಿ ಇಬ್ಬರು ಅಕ್ಕಂದಿರನ್ನು ಕೂಡಿಸಿದ. ಆಮೇಲೆ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಕ್ಲಿಕ್!

ಆ ಫೋಟೊ ನನ್ನ ಕೈಗೆ ಬಂದದ್ದು ಎಷ್ಟೋ ವಾರಗಳ ಮೇಲೆ, ಬೋರ್ಡಿಂಗಿನಲ್ಲಿ. ಮಚ್ಚೆ ಎಡಕ್ಕಿತ್ತು. ಹಣೆಯ ವಿಭೂತಿ, ಹಾರುವ ಕೂದಲೆಳೆ, ಎಲ್ಲವೂ ಕ್ಲಿಯರ್. ಆದರೆ ಅಕ್ಕ ಲೆನ್ಸನ್ನು ನೋಡಿರಲಿಲ್ಲ. ಅಪ್ಪನ ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡುತ್ತಿದ್ದಳು. ಈಗ ನಾನು ಫೋಟೊದ ಎದುರು ಕುಳಿತರೆ ಅವಳ ಕಣ್ಣು ನನ್ನನ್ನು ದಾಟಿ ಪಕ್ಕದ ಖಾಲಿ ಜಾಗಕ್ಕೆ ಹೋಗುತ್ತಿತ್ತು. ಮಂಚದ ಮೇಲೆ ಅತ್ತ ಸರಿದೆ, ಇತ್ತ ಸರಿದೆ. ಎಲ್ಲಿ ಕುಳಿತರೂ ಅವಳ ನೋಟಕ್ಕೆ ನಾನು ಸಿಗಲಿಲ್ಲ. ಹೊಗೆಯ ಫೋಟೊಗಳನ್ನು ನೋಡಿ ಎಂದೂ ಅಳದವಳು ಅಂದು ತುಂಬ ಅತ್ತೆ.

ನಿಮ್ಮ ಕಾಲದಲ್ಲಿ ಇಷ್ಟೆಲ್ಲ ಪಾಡಿಲ್ಲ. ಫೋನು ತಾನೇ ಮುಖ ಹುಡುಕಿಕೊಳ್ಳುತ್ತದೆ, ಯಾರೂ ಹಿಂದೆ ಸರಿಯಬೇಕಿಲ್ಲ, ವಾರಗಟ್ಟಲೆ ಕಾಯಬೇಕಿಲ್ಲ. ಮೊನ್ನೆ ನನ್ನ ಮೊಮ್ಮಗಳು, "ಅಜ್ಜಿ, ಸ್ಮೈಲ್!" ಎಂದಳು. ನಾನು ಸೆರಗು ಸರಿ ಮಾಡಿಕೊಂಡು, ಬೆನ್ನು ನೇರ ಮಾಡಿ, ಉಸಿರು ಹಿಡಿದು ಕುಳಿತೆ. ಅಷ್ಟರಲ್ಲಿ ಫೋಟೊ ಆಗಿಹೋಗಿತ್ತು. ಅವಳು ಫೋನು ನೋಡಿ "ಸೂಪರ್!" ಎಂದು ಆಡಲು ಓಡಿದಳು. ಅವಳು ಹೋದ ಮೇಲೂ ನಾನು ಸ್ವಲ್ಪ ಹೊತ್ತು, ಅಲುಗಾಡದೆ, ಹಾಗೆಯೇ ಕುಳಿತಿದ್ದೆ.