ಕಂಬಕ್ಕೆ ಕಟ್ಟಿದ ಹಳೆಯ ಸೀರೆ

ಮೊನ್ನೆ ವಿಲೆ ಪಾರ್ಲೆ ಸ್ಟೇಶನ್ನಿನ ಹೊರಗೆ ಮೆಂತ್ಯದ ಸೊಪ್ಪು ಆರಿಸುತ್ತಿದ್ದೆ. ಪಕ್ಕದಲ್ಲೊಬ್ಬ ತರುಣಿ, ಅವಳ ಮುಂದೆ ಪುಟ್ಟ ಮಗು. ಮಗುವಿನ ಬೆನ್ನಿಗೆ ಆನೆಮರಿಯ ಆಕಾರದ ಚೀಲ. ಚೀಲದಿಂದ ಹೊರಟ ಬಣ್ಣದ ಪಟ್ಟಿ ತಾಯಿಯ ಕೈಯಲ್ಲಿ. ಮಗು ರಸ್ತೆಗೆ ಓಡಬಾರದಲ್ಲ, ಅದಕ್ಕೆ. ನೋಡಿದವರೆಲ್ಲ ಮುದ್ದು ಬಂದು ನಕ್ಕರು. ನನಗೆ ಮಾತ್ರ ಮೈ ಉರಿಯಿತು. ಪಾಪ, ಆ ತಾಯಿಯದೇನೂ ತಪ್ಪಿಲ್ಲ. ನನ್ನ ಸಿಟ್ಟು ಯಾವಾಗಲೂ ತಪ್ಪು ವಿಳಾಸಕ್ಕೇ ಹೋಗುತ್ತದೆ ಎಂದು ನಮ್ಮ ಮನೆಯವರು ಹೇಳುವುದುಂಟು.

ಸರಿಯಾದ ವಿಳಾಸ ಹೇಳುತ್ತೇನೆ, ಕೇಳಿ.

ಕೆಲವು ವರ್ಷಗಳ ಹಿಂದೆ ನಮ್ಮ ಬಿಲ್ಡಿಂಗಿನ ಹಿಂದಿದ್ದ ಸಾಲುಮನೆಗಳ ಚಾಳನ್ನು ಕೆಡವಿ ಟವರ್ ಕಟ್ಟುತ್ತಿದ್ದರು. ಅಲ್ಲಿ ಇಟ್ಟಿಗೆ ಹೊರುತ್ತಿದ್ದವಳು ವಿಜಯಪುರದ ಕಡೆಯ ಶಾಂತವ್ವ. ನೀರಿಗೆಂದು ಬಂದವಳ ಬಾಯಲ್ಲಿ ಕನ್ನಡ ಕೇಳಿದ್ದೇ ನಾನು ಚಹಾಕ್ಕೆ ಕೂಡಿಸಿಬಿಟ್ಟೆ. ಅವಳ ಮಗಳು ಭಾಗ್ಯಾಳಿಗೆ ನಾಲ್ಕು ತುಂಬಿದ್ದರೂ ಮಾತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡುತ್ತ ಕೂತಿರುತ್ತಿದ್ದಳು. ಶಾಂತವ್ವ ಕೆಲಸಕ್ಕೆ ಹತ್ತುವಾಗ ಹಳೆಯ ನೂಲಿನ ಸೀರೆಯ ಒಂದು ತುದಿಯನ್ನು ಮಗಳ ಸೊಂಟಕ್ಕೆ, ಇನ್ನೊಂದನ್ನು ಕಂಬಕ್ಕೆ ಕಟ್ಟಿ, ಗಂಟನ್ನು ಜಗ್ಗಿ ನೋಡಿಯೇ ಹೋಗುತ್ತಿದ್ದಳು. ಗೋಡೆ ಏಳದ ಮಹಡಿ. ಅಂಚಿನಾಚೆ ಬರೀ ಗಾಳಿ.

ಅವರಿಬ್ಬರನ್ನೂ ಒಂದು ಆಸ್ಪತ್ರೆಗೆ ಕರೆದೊಯ್ದೆ. ದುಭಾಷಿ ನಾನೇ, ನನ್ನ ಮರಾಠಿ ಕೇಳಿ ತರಕಾರಿ ಮಾರುವ ಭಾಜಿಯವರೂ ಹಿಂದಿಯಲ್ಲಿ ಉತ್ತರ ಕೊಡುತ್ತಾರೆನ್ನುವುದು ಬೇರೆ ಮಾತು. ಬೆಳವಣಿಗೆಯಲ್ಲಿ ತೊಂದರೆಯಿದೆ, ತಾಯಿ ಜೊತೆಗೆ ಕೂತರೆ ಮಾತು ಕಲಿಸಬಹುದು, ವಾರಕ್ಕೆರಡು ಬೆಳಗ್ಗೆ ಬರಬೇಕು ಎಂದರು ಡಾಕ್ಟರು. ಬಡ ಕುಟುಂಬಗಳಲ್ಲಿ ಇಂಥ ಮಕ್ಕಳು ಹೆಚ್ಚು ಎಂದೂ ಸೇರಿಸಿದರು. ಆಮೇಲೆ ಮಗುವಿನ ಸೊಂಟದ ಮೇಲೆ ಸೀರೆ ಬಿಗಿದ ಗುರುತು ಅವರಿಗೆ ಕಂಡಿತು. ‘ಕಟ್ಟಿಹಾಕುತ್ತೀರಾ? ಹೀಗಾದರೆ ಮಗು ಬೆಳೆಯುವುದು ಹೇಗೆ? ಇವತ್ತೇ ನಿಲ್ಲಿಸಿ.’

ನಾನು ಕನ್ನಡಕ್ಕೆ ತಿರುಗಿಸಿದೆ. ಶಾಂತವ್ವ ಸೆರಗು ಸರಿಮಾಡಿಕೊಂಡಳು.

‘ಬಿಚ್ಚತೀನಂತ ಹೇಳ್ರಿ ಅಕ್ಕಾರ. ಬಿಚ್ಚಿದಮ್ಯಾಲ ಯಾರ ಹಿಡ್ಕೋತಾರಂತ ಕೇಳ್ರಿ.’

ಅದನ್ನೂ ತಿರುಗಿಸಿದೆ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ಬಡತನವೆಂದರೆ ಎಲೆಅಡಿಕೆಯ ಹಾಗೆ ಶಾಂತವ್ವ ತಾನೇ ಅಂಟಿಸಿಕೊಂಡ ಚಟವೇ? ಭಾಗ್ಯಾ ಹೊಟ್ಟೆಯಲ್ಲಿದ್ದಾಗ ಆ ತುಂಬಿದ ಬಸುರಿಯ ತಲೆಯ ಮೇಲೆ ಇಟ್ಟಿಗೆ ಹೊರಿಸಿದವರು ಯಾರು? ಬಾಣಂತನ ಮುಗಿಯುವ ಮೊದಲೇ ಕೆಲಸಕ್ಕೆ ಕರೆದವರು ಯಾರು? ಅವರನ್ನು ಯಾರೂ ಕೇಳುವುದಿಲ್ಲ. ತಾಯಿಯನ್ನು ಕೇಳುವುದು ಸುಲಭ, ಎದುರಿಗೇ ಕೂತಿರುತ್ತಾಳೆ.

ಆದರೂ ಶಾಂತವ್ವ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗತೊಡಗಿದಳು. ಕೆಲವೇ ವಾರಗಳಲ್ಲಿ ಭಾಗ್ಯಾ ಹೆಸರು ಕೂಗಿದರೆ ತಿರುಗತೊಡಗಿದಳು. ‘ನನ್ನ ಮಾರಿ ನೋಡತಾಳ್ರಿ!’ ಎಂದು ಶಾಂತವ್ವ ನಮ್ಮ ಬಾಗಿಲಲ್ಲೇ ಅತ್ತಳು. ಅಷ್ಟರಲ್ಲಿ ಕೂಲಿಯವರ ಮೇಸ್ತ್ರಿ ಮುಕಾದಮ್ ಹೇಳಿದ: ‘ಬೆಳಿಗ್ಗಿ ಬರಾಕ ಆಗಲಿಲ್ಲಂದ್ರ ಬರಲೇ ಬ್ಯಾಡ.’ ಅಲ್ಲಿಗೆ ಆಸ್ಪತ್ರೆ ನಿಂತಿತು, ಸೀರೆ ಮತ್ತೆ ಕಂಬಕ್ಕೆ ಬಂತು. ಟವರ್ ಮುಗಿದ ಮೇಲೆ ಅವರನ್ನು ವಿರಾರ್ ಕಡೆಯ ಯಾವುದೋ ಸೈಟಿಗೆ ಕಳಿಸಿದರಂತೆ. ಫೋನ್ ಈಗ ಹತ್ತುವುದಿಲ್ಲ.

ಮೊನ್ನೆ ಆ ತರುಣಿಗೆ ಪರ್ಸು ತೆಗೆಯಲು ಎರಡೂ ಕೈ ಬೇಕಾದವು. ‘ಆಂಟಿ, ಜರಾ ಪಕಡೇಂಗೀ ಇಸೆ?’ ಎಂದು ಪಟ್ಟಿಯನ್ನು ನನ್ನತ್ತ ಚಾಚಿದಳು. ಸೊಪ್ಪು ಬಿಟ್ಟು ಹಿಡಿದುಕೊಂಡೆ. ಮಗು ಜಗ್ಗಿತು. ಭಾಜಿಯವನು ಗಾಡಿ ಬಿಟ್ಟು ಬಂದು ಅದರ ಮುಂದೆ ಅಡ್ಡ ನಿಂತ. ಯಾರೋ ದಾರಿಹೋಕರು ಬರುತ್ತಿದ್ದ ರಿಕ್ಷಾಕ್ಕೆ ಕೈ ತೋರಿಸಿ ತಡೆದರು.

ಹಿಡಿಯುವವರು ಇದ್ದಾರೆ, ಶಾಂತವ್ವ. ಇಷ್ಟೊಂದು ಜನ ಇದ್ದಾರೆ.