ಲಮ್ರಿಯಾ ಲೇಪ ಹಾಕಿದ ಸ್ಕ್ರೂ

ಲಮ್ರಿಯಾಳ ಗಂಡ ಪಾಂಗಿಹುತಾನ್ ಸತ್ತದ್ದು ಗಿರಣಿಯಲ್ಲಿ ಸ್ಕ್ರೂ ಬದಲಿಸುವಾಗ. ತಾಳೆಹಣ್ಣು ಹಿಂಡಿ ಎಣ್ಣೆ ತೆಗೆಯುವ ಆ ಉಕ್ಕಿನ ಸ್ಕ್ರೂ ಇಬ್ಬರು ಎತ್ತಲಾರದಷ್ಟು ಭಾರ. ನಾರು, ಕರಟ, ಮರಳು ಉಜ್ಜಿ ಎರಡೇ ತಿಂಗಳಿಗೆ ಅದರ ಅಂಚು ಸವೆಯುತ್ತಿತ್ತು. ಸವೆದಾಗಲೆಲ್ಲ ಸರಪಳಿ ಕಟ್ಟಿ ಇಳಿಸಿ, ಬೇರೆಯದನ್ನು ಏರಿಸಬೇಕು. ಆ ದಿನ ಸರಪಳಿ ಹಿಡಿದಿದ್ದವನು ಅವನ ಗೆಳೆಯ ಜೊನ್ನೆರ್. ಕೈ ಜಾರಿತು.

ಮರುವರ್ಷ ಅವಳು ಸಿಯಾಂತಾರ್ ಪಟ್ಟಣದಲ್ಲಿ ಸವೆದ ಸ್ಕ್ರೂಗಳಿಗೆ ಲೋಹದ ಲೇಪ ಹಾಕುವ ನಮ್ಮ ವರ್ಕ್‌ಶಾಪಿಗೆ ಬಂದು ಕೆಲಸ ಕೇಳಿದಳು. ಗಿರಣಿಯ ಗೇಟಿನಲ್ಲಿ ಕರಿದ ಬಾಳೆಹಣ್ಣು ಮಾರುತ್ತಿದ್ದವಳು ಎಂದು ನಮ್ಮ ಮಾಲೀಕನಿಗೆ ಗೊತ್ತಿತ್ತು.

"ಬಾಳೆಹಣ್ಣು ಕರಿಯೋ ಕೈಗೆ ಪ್ಲಾಸ್ಮಾ ಟಾರ್ಚ್ ಬೇಕಾ?" ಎಂದು ನಕ್ಕ.

"ಎಣ್ಣೆ ಕಾಯೋಕೆ ಮುಂಚೆ ಹಿಟ್ಟು ಬಿಟ್ರೆ ಏನಾಗ್ತದೆ ಅಂತ ನಂಗೊತ್ತು. ಮಿಕ್ಕಿದ್ದು ಕಲಿಸಿ."

ಕಲಿಸಿದವನು ನಾನೇ. ಉಕ್ಕನ್ನು ಮೊದಲು ಹದವಾಗಿ ಕಾಯಿಸಬೇಕು. ಆಮೇಲೆ ಪ್ಲಾಸ್ಮಾದ ಉರಿಯಲ್ಲಿ ಗಟ್ಟಿ ಲೋಹದ ಪುಡಿ ಕರಗಿಸಿ ಅಂಚಿನುದ್ದಕ್ಕೂ ಲೇಪ ಕೂರಿಸಬೇಕು. ಕೊನೆಗೆ ಬೆಂಕಿ ತಾಳುವ ಕಂಬಳಿ ಹೊದಿಸಿ ನಿಧಾನವಾಗಿ ಆರಿಸಬೇಕು. ಎರಡು ವರ್ಷದಲ್ಲಿ ಅವಳ ಲೇಪ ನನ್ನದಕ್ಕಿಂತ ಸಮನಾಗಿ ಕೂರತೊಡಗಿತು.

ಆಗ ಅದೇ ಗಿರಣಿಯ ಸ್ಕ್ರೂ ಬಂತು. ಕೊಯ್ಲಿನ ಕಾಲ, ಅವರಿಗೆ ಅವಸರ.

"ಕಾಯಿಸ್ತಾ ಕೂತ್ಕೋಬೇಡ, ಹಾಗೇ ಹಾಕಿಬಿಡು," ಎಂದ ಮಾಲೀಕ.

ಲಮ್ರಿಯಾ ಟಾರ್ಚ್ ಕೆಳಗಿಟ್ಟಳು. "ಹಾಗೇ ಹಾಕಿದ್ರೆ ಬಿರುಕು ಬಿಡ್ತದೆ. ತಿಂಗಳೊಳಗೆ ಮತ್ತೆ ಬಿಚ್ಚಬೇಕು. ಬಿಚ್ಚೋರು ಯಾರು, ನೀವಾ?"

ಮಾಲೀಕ ಒಳಗೆ ಹೋದ. ಸ್ಕ್ರೂ ಎರಡು ದಿನ ತಡವಾಗಿ ಹೋಯಿತು.

ಐದು ತಿಂಗಳ ನಂತರ ಅದನ್ನು ವಾಪಸು ತಂದವನು ಜೊನ್ನೆರ್. ಗಂಡನನ್ನು ಮಣ್ಣು ಮಾಡಿದ ದಿನದಿಂದ ಅವನು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬಾಗಿಲಲ್ಲೇ ನಿಂತ.

"ಅಕ್ಕ, ಇಷ್ಟು ದಿನದಲ್ಲಿ ಒಂದ್ಸಲಾನೂ ಬಿಚ್ಚಿಲ್ಲ."

ಅವಳು ಗಾಡಿಯಲ್ಲಿದ್ದ ಸ್ಕ್ರೂವಿನ ಅಂಚನ್ನು ಅಳೆದಳು, ಬೆರಳಾಡಿಸಿ ನೋಡಿದಳು.

"ಇದನ್ನ ಇಳಿಸೋವಾಗ ಸರಪಳಿ ನೀನೇ ಹಿಡಿದ್ಯಾ?"

"ಇಲ್ಲಕ್ಕ. ಅವತ್ತಿಂದ ಮುಟ್ಟಿಲ್ಲ."

"ದಿನಾ ನಿನ್ನ ಬೈಕೊಂಡೇ ಏಳ್ತಿದ್ದೆ, ಜೊನ್ನೆರ್. ನಂಗೂ ಸಾಕಾಗಿದೆ." ಅವಳು ಸ್ಕ್ರೂವಿಗೆ ರಾಟೆಯ ಸರಪಳಿ ಕಟ್ಟಿ, ಅದನ್ನು ಹಿಡಿದು ಪಕ್ಕದಲ್ಲೇ ನಿಂತಳು. "ಬಾ, ಸರಪಳಿ ಎಳೆದು ಎತ್ತು. ನಾನು ಇಲ್ಲಿ ಹಿಡ್ಕೊಂಡಿರ್ತೀನಿ."

ಅವನು ಸರಪಳಿಗೆ ಕೈ ಹಾಕಿ ಮತ್ತೆ ಬಿಟ್ಟ. ನಾನು ಮುಂದೆ ಹೋದೆ. ಅವಳು ಕಣ್ಣಲ್ಲೇ ಬೇಡವೆಂದಳು. ಅವನು ಸರಪಳಿ ಎಳೆದಂತೆ ಗೇಣು ಗೇಣಾಗಿ ಸ್ಕ್ರೂ ಮೇಲೆದ್ದು, ಪಕ್ಕಕ್ಕೆ ಸರಿದು, ಮೇಜಿನ ಮೇಲೆ ಕೂತಿತು. ಜೊನ್ನೆರ್ ಅಲ್ಲೇ ಕುಸಿದು ಕೂತು ಅತ್ತ.

ಆ ಭಾನುವಾರ ಚರ್ಚಿನಿಂದ ಇಬ್ಬರೂ ಪಾಂಗಿಹುತಾನನ ಸಮಾಧಿಗೆ ಹೋದರಂತೆ. ಅಲ್ಲಿ ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಸೋಮವಾರ ಅವಳು ಎಂದಿನಂತೆ ನನಗಿಂತ ಮೊದಲೇ ಬಂದು ಉಕ್ಕು ಕಾಯಿಸಲು ಇಟ್ಟಿದ್ದಳು.