ಅಮ್ಮನ ಪಕ್ಕದ ಖಾಲಿ ಜಾಗ

ಬೆಳಕು ಹರಿಯುವ ಹೊತ್ತು. ವೈದ್ಯಕೀಯ ಕಾಲೇಜಿನ ಆ ಉದ್ದನೆಯ ಕೋಣೆಯ ಬೀಗ ತೆಗೆದವಳೇ, ಎಲ್ಲರೂ ಬಾಟಲಿ ಅಕ್ಕ ಎನ್ನುವ ಕೆಲಸದಾಕೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಗೋಡೆಯುದ್ದಕ್ಕೂ ಗಾಜಿನ ಬಾಟಲಿಗಳು, ಒಂದೊಂದರಲ್ಲೂ ಮನುಷ್ಯರ ಒಂದೊಂದು ಅಂಗ. ಯಾರೂ ಇಲ್ಲ, ಆದರೂ ಕೋಣೆ ತುಂಬ ಜನ ಉಸಿರು ಬಿಗಿಹಿಡಿದು ನಿಂತ ಹಾಗಿದೆ. ಮುಚ್ಚಳ ತೆಗೆಯುವ ಮೊದಲು ಬೆರಳಲ್ಲಿ ಟಕ್ ಟಕ್ ಎಂದು ಬಡಿಯುವುದು ಅವಳ ರೂಢಿ.

"ಇನ್ನೊಬ್ಬರ ಮನೆಗೆ ಹೇಳದೆ ಕೇಳದೆ ನುಗ್ತೀವಾ?" ಎಂದು ನಗುತ್ತಾಳೆ. ಎಂದಾದರೂ ಇದನ್ನು ಕೇಳಿದವರಿಗೆ ನಗು ಬರುವುದಿಲ್ಲ.

ಅಂಗಗಳು ಕೊಳೆಯದಂತೆ ಕಾಯುವ ಫಾರ್ಮಲಿನ್ ಕಡಿಮೆಯಾದಲ್ಲಿ ತುಂಬಬೇಕು, ಗಾಜು ಒರೆಸಬೇಕು, ಸೋರುವ ಮುಚ್ಚಳಕ್ಕೆ ಮೇಣ ಹಚ್ಚಬೇಕು. ಕಣ್ಣು ಉರಿಯುತ್ತದೆ, ಬೆರಳ ತುದಿ ಒಡೆಯುತ್ತದೆ. ವಿದ್ಯಾರ್ಥಿಗಳು ಬಾಟಲಿ ನೋಡಿ ಹೋಗುತ್ತಾರೆ, ಇವಳನ್ನು ಯಾರು ನೋಡುತ್ತಾರೆ ಹೇಳಿ!

ಕಿಟಕಿ ಪಕ್ಕದ ಒಂದು ಬಾಟಲಿಗೆ ಮಾತ್ರ ಅವಳು ಬಡಿಯುವುದಿಲ್ಲ. ಅದರಲ್ಲಿರುವುದು ಗಡ್ಡೆ ಬೆಳೆದ ಯಕೃತ್ತಿನ ತುಂಡು, ಅವಳ ಅಮ್ಮನದು.

"ನಮ್ಮಮ್ಮನ ಮನೆ ಬಾಗಿಲು ನಾನ್ಯಾಕೆ ಬಡೀಲಿ?"

ಎಳೆಬಿಸಿಲು ಬಿದ್ದಾಗ ತುಂಡು ಮೆಲ್ಲಗೆ ಇತ್ತ ತಿರುಗಿದಂತೆ ಕಾಣುತ್ತದೆ. "ಎದ್ಯಾಮ್ಮ?" ಅನ್ನುತ್ತಾಳೆ.

ಅಮ್ಮ ಗಟ್ಟಿಮುಟ್ಟಾಗಿದ್ದವಳು. ಹೆಪಟೈಟಿಸ್ ಬಿ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ಕೂತಿದ್ದು, ಕೊನೆಗೆ ಯಕೃತ್ತಿನ ಕ್ಯಾನ್ಸರ್‌ಗೆ ದಾರಿ ಮಾಡಿತು. ಕೊಯ್ದು ತೆಗೆದ ತುಂಡನ್ನು ಕಾಲೇಜಿಗೆ ಕೊಡಲು ಅವಳೇ ಒಪ್ಪಿದಳು, ಆದರೆ ಬದುಕಿ ಉಳಿಯಲಿಲ್ಲ. ನೀವೂ ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಎಷ್ಟು ಹೇಳಿದರೂ ಬಾಟಲಿ ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

"ಕಾಯಿಲೆನೂ ಬಾಟಲಿ ಒಳಗೇ ಹೋಯ್ತು, ಮುಚ್ಚಳ ನಾನೇ ಭದ್ರ ಮಾಡಿದೀನಿ, ಇನ್ನೆಲ್ಲಿಗೆ ಬರತ್ತೆ ಅಂದ್ಕೊಂಡಿದ್ದೆ. ಎಂಥಾ ಪೆದ್ದಿ ನಾನು!"

ಮಗಳು ಬಸುರಿಯಾದಾಗ ಮಾಡಿದ ಪರೀಕ್ಷೆಯಲ್ಲಿ ಅದೇ ವೈರಸ್ ಸಿಕ್ಕಿತು. ಆಮೇಲೆ ಇವಳಲ್ಲೂ. ತಾಯಿಯಿಂದ ಮಗುವಿಗೆ, ಹೆರಿಗೆಯಿಂದ ಹೆರಿಗೆಗೆ ದಾಟಿ ಬಂದಿರಬೇಕು. ಈಗ ಇವಳಿಗೆ ಆಗಾಗ ಸ್ಕ್ಯಾನಿಂಗ್, ಮಗಳಿಗೆ ಮಾತ್ರೆ. ಮಗು ಹುಟ್ಟಿದ ಕೂಡಲೇ ಲಸಿಕೆ, ಜೊತೆಗೆ ವೈರಸ್ ತಡೆಯುವ ಇನ್ನೊಂದು ಇಂಜೆಕ್ಷನ್ ಬೀಳಲೇಬೇಕು. ಮಗಳು ನಿನ್ನೆಯಿಂದ ಆಸ್ಪತ್ರೆಯಲ್ಲಿದ್ದಾಳೆ, ಇವಳ ಜೀವ ಕೈಯಲ್ಲಿದೆ.

ಫೋನು ಬಡಿದುಕೊಳ್ಳುತ್ತದೆ. ಅಳಿಯ. "ಅತ್ತೆ, ಹೆಣ್ಣು ಮಗು! ಲಸಿಕೆನೂ ಆಯ್ತು, ಇನ್ನೊಂದು ಇಂಜೆಕ್ಷನ್ನೂ ಆಯ್ತು."

ಅವಳು ಅಲ್ಲೇ ಕೂತು ಅಳುತ್ತಾಳೆ. ಆಮೇಲೆ ಎದ್ದು, ಅಮ್ಮನ ಬಾಟಲಿಯ ಪಕ್ಕದ ಖಾಲಿ ಜಾಗವನ್ನು ಒರೆಸುತ್ತಾಳೆ. ಇದೇ ಮೊದಲ ಸಲ, ಅಮ್ಮನ ಮುಚ್ಚಳದ ಮೇಲೂ ಟಕ್ ಟಕ್ ಎನ್ನಿಸುತ್ತಾಳೆ.

"ಅಮ್ಮಾ, ಮರಿಮಗಳು ಬಂದ್ಲು. ಪಕ್ಕದಲ್ಲಿ ಜಾಗ ಇದೆ ಅಂತ ಅವಳನ್ನ ಮಾತ್ರ ಕರೀಬೇಡ."